ಕುಮಟಾದ ರಘು: ಚೆಂಡೆಸೆಯುವ ಕೋಚ್

ಕೋಚ್ ಒಬ್ಬರ ಸಾಧನೆಯನ್ನು ಅಳೆಯುವುದು ಹೇಗೆ? ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಗೆದ್ದ ಪಂದ್ಯಗಳನ್ನು ಎಣಿಸುತ್ತಾರೆ. ಅಲಬಾಮ ವಿಶ್ವವಿದ್ಯಾಲಯದ ಕೋಚ್ ಬೇರ್ ಬ್ರಯಂಟ್ 1982ರಲ್ಲಿ ನಿವೃತ್ತರಾದಾಗ ಅವರ ಹೆಸರಿನಲ್ಲಿ 323 ಗೆಲುವುಗಳಿದ್ದವು. ನಮ್ಮ ಕುಮಟಾದ ರಾಘವೇಂದ್ರ ದಿವಗಿಯವರ ಹೆಸರಿನಲ್ಲಿ ಅಂಥ ಅಂಕಿ ಒಂದೂ ಇಲ್ಲ. ಭಾರತದ ಕ್ರಿಕೆಟ್ ಆಟಗಾರರೆಲ್ಲ ‘ರಘು’ ಎಂದು ಕರೆಯುವ ಇವರು ಥ್ರೋಡೌನ್ ತಜ್ಞರು. ಅಂದರೆ, ಅಭ್ಯಾಸದ ವೇಳೆ ಬ್ಯಾಟ್ಸ್‌ಮನ್‌ಗಳಿಗೆ ಚೆಂಡೆಸೆದು ಕೊಡುವವರು.

ಆಟಗಾರನಾಗಬೇಕೆಂದು ಊರು ಬಿಟ್ಟು ಹುಬ್ಬಳ್ಳಿಗೆ ಹೋದ ಹುಡುಗ ಕೈ ಮುರಿದುಕೊಂಡಾಗ ಆ ದಾರಿ ಮುಚ್ಚಿತು. ಆದರೂ ಊರಿಗೆ ಮರಳಲಿಲ್ಲ. ಬೆಂಗಳೂರಿಗೆ ಬಂದು ಬೇರೆಯವರ ಅಭ್ಯಾಸಕ್ಕೆ ಚೆಂಡೆಸೆಯತೊಡಗಿದರು. ಅಲ್ಲಿಂದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ, 2010ರ ದಶಕದ ಆರಂಭದ ವರ್ಷಗಳಲ್ಲಿ ಭಾರತ ತಂಡ. ಭಟ್ಕಳ, ಹೊನ್ನಾವರದ ಮೈದಾನಗಳಲ್ಲಿ ಆಡುವ ನಿಮಗೆ ಗೊತ್ತೇ ಇದೆ: ಎಲ್ಲರಿಗೂ ಬ್ಯಾಟೇ ಬೇಕು, ಚೆಂಡು ಹಾಕಿ ಕೊಡುವವರು ಸಿಗುವುದಿಲ್ಲ!

ಇದಕ್ಕೆ ತಜ್ಞರೇಕೆ? ವೇಗದ ಬೌಲರ್ ದಿನವಿಡೀ ನೆಟ್ಸ್‌ನಲ್ಲಿ ದುಡಿದರೆ ಪಂದ್ಯದ ದಿನ ಅವನ ಭುಜದಲ್ಲಿ ಕಸುವು ಉಳಿಯದು. ಅದಕ್ಕೇ ‘ಸೈಡ್‌ಆರ್ಮ್’ ಎಂಬ ಸಾಧನ ಬಂತು. ಉದ್ದ ಹಿಡಿಯ ಪ್ಲಾಸ್ಟಿಕ್ ಸೌಟಿನಂತೆ ಕಾಣುತ್ತದೆ. ಸೌಟಿನ ಬಟ್ಟಲಿನಲ್ಲಿ ಚೆಂಡಿಟ್ಟು ಬೀಸಿದರೆ ತೋಳೇ ಉದ್ದವಾದಂತಾಗುತ್ತದೆ. ತಿರುಗುವ ವಸ್ತುವಿನ ತ್ರಿಜ್ಯ ಹೆಚ್ಚಿದಷ್ಟೂ ತುದಿಯ ವೇಗ ಹೆಚ್ಚುವುದನ್ನು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಲ್ಲವೆ? ಗಂಟೆಗೆ 145 ಕಿ.ಮೀ. ವೇಗದ ಚೆಂಡು ಬ್ಯಾಟ್ಸ್‌ಮನ್‌ನನ್ನು ತಲುಪಲು ಅರ್ಧ ಸೆಕೆಂಡೂ ಬೇಡ. ಎಸೆಯುವವರು ನಾಲ್ಕು ಹೆಜ್ಜೆ ಮುಂದೆ ನಿಂತರೆ ಅದಕ್ಕಿಂತಲೂ ಕಡಿಮೆ. ಚೆಂಡು ಬಟ್ಟಲು ಬಿಡುವ ಕ್ಷಣ ತುಸು ಬೇಗನಾದರೆ ಪುಟಿಯದೆ ನೇರ ಮೈಮೇಲೆ, ತಡವಾದರೆ ಅರ್ಧ ಪಿಚ್‌ನಲ್ಲೇ. ಬೇಕೆಂದ ಜಾಗಕ್ಕೆ ನೂರಾರು ಸಲ ಎಸೆಯುವುದು ತೋಳಿನ ಬಲದಿಂದ ಮಾತ್ರ ಆಗುವ ಕೆಲಸವಲ್ಲ. ಎದುರಿಗಿರುವವನ ಪಾದದ ಚಲನೆ, ಬ್ಯಾಟ್ ಎತ್ತುವ ರೀತಿ ಎಲ್ಲವೂ ತಿಳಿದಿರಬೇಕು.

2013ರಿಂದೀಚೆಗೆ ವೇಗದ ಬೌಲಿಂಗನ್ನು ಎದುರಿಸುವಲ್ಲಿ ತಂಡ ಸುಧಾರಿಸಿದ್ದಕ್ಕೆ ರಘು ಕಾರಣರೆಂದು, ಆಗ ನಾಯಕರಾಗಿದ್ದ ವಿರಾಟ್ ಕೊಹ್ಲಿ 2020ರಲ್ಲಿ ಹೇಳಿದರು. ನೆಟ್ಸ್‌ನಲ್ಲಿ ಇವರನ್ನು ಎದುರಿಸಿ ಪಂದ್ಯಕ್ಕೆ ಹೋದರೆ ಚೆಂಡು ಆಡಲು ಬೇಕಾದಷ್ಟು ಸಮಯ ಸಿಕ್ಕಂತೆನಿಸುತ್ತದಂತೆ. ಸ್ಕೋರ್ ಪಟ್ಟಿಯಲ್ಲಿ ಇದಕ್ಕೊಂದು ಕಲಂ ಇರಬೇಕಿತ್ತು.

2022ರ ನವೆಂಬರ್ 2ರಂದು ಅಡಿಲೇಡ್‌ನಲ್ಲಿ ಟಿ-20 ವಿಶ್ವಕಪ್ ಪಂದ್ಯ. ಮಳೆ ನಿಂತು ಆಟ ಮರಳಿ ಶುರುವಾದಾಗ ಮೈದಾನ ಒದ್ದೆ. ಕಾಲು ಜಾರಿದರೆ ಕ್ಯಾಚೂ ಹೋಯಿತು, ರನ್ನೂ ಹೋಯಿತು. ರಘು ಕೈಯಲ್ಲಿ ಬ್ರಷ್ ಹಿಡಿದು ಬೌಂಡರಿ ಗೆರೆಯುದ್ದಕ್ಕೂ ಓಡಾಡುತ್ತ ಆಟಗಾರರ ಶೂಗಳ ಮೊಳೆಗೆ ಮೆತ್ತಿದ ಕೆಸರು ಉಜ್ಜಿದರು. ಬಾಂಗ್ಲಾದೇಶದ ವಿರುದ್ಧ ಭಾರತ ಆ ದಿನ ಗೆದ್ದದ್ದು ಕೇವಲ 5 ರನ್‌ಗಳಿಂದ.