ಉತ್ತರದ ನೀರು, ಬಿತ್ತನೆಯ ಜೋಳ

ನಮ್ಮ ಸಂಘದ ಹಳಬರನ್ನು ಮಾತಿಗೆಳೆದರೆ ಮೆಲ್ಬರ್ನಿನ ಬರಗಾಲದ ಕಥೆ ಒಂದಾದರೂ ಹೊರಗೆ ಬರುತ್ತದೆ. 2007ರಿಂದ ಮೂರು ವರ್ಷ ಹುಲ್ಲುಹಾಸಿಗೆ ನೀರು ಬಿಡುವಂತಿರಲಿಲ್ಲ. ಬಕೆಟ್ಟಿನ ನೀರಲ್ಲಿ ಕಾರಿನ ಗಾಜು, ಕನ್ನಡಿ ಒರೆಸಿಕೊಂಡರೆ ಸರಿ, ಇಡೀ ಕಾರು ತೊಳೆದರೆ ತಪ್ಪು! ಸ್ನಾನ ನಾಲ್ಕೇ ನಿಮಿಷ, ತಲೆಗೆ ದಿನಕ್ಕೆ 155 ಲೀಟರ್ ಎಂಬ ಗುರಿ. ‘ಊರಲ್ಲಿ ಕೊಡ ಹೊತ್ತು ಸಾಕಾಗಿ ವಿಮಾನ ಹತ್ತಿದರೆ ಇಲ್ಲೂ ಬಕೆಟ್ಟೇ ಗತಿಯಾಯಿತಲ್ಲ’ ಎಂದು ನಗುತ್ತಿದ್ದರಂತೆ. 2009ರ ಜೂನ್ ಹೊತ್ತಿಗೆ ನಗರದ ಜಲಾಶಯಗಳಲ್ಲಿ ಉಳಿದಿದ್ದ ನೀರು ಸುಮಾರು ಶೇಕಡಾ 26 ಮಾತ್ರ.

ಆದರೆ ಆ ಬರದ ನಿಜವಾದ ಬಿಸಿ ತಟ್ಟಿದ್ದು ನಗರಕ್ಕಲ್ಲ, ಬೆಟ್ಟಸಾಲಿನ ಆಚೆಗಿನ ಉತ್ತರ ವಿಕ್ಟೋರಿಯಾಕ್ಕೆ. ಶೆಪರ್ಟನ್, ಎಚುಕಾ, ರಾಚೆಸ್ಟರ್, ಇನ್ನೂ ದೂರದ ಮಿಲ್ಡ್ಯೂರಾ. ನಮ್ಮ ಮನೆಗೆ ಬರುವ ಹಾಲು, ಪೇರು, ಪೀಚು, ದ್ರಾಕ್ಷಿಯಲ್ಲಿ ಸಾಕಷ್ಟು ಅಲ್ಲಿಯದೇ. ಅಲ್ಲಿನ ರೈತರಿಗೆ ಕಾಲುವೆಯ ನೀರು ಹಕ್ಕಿನ ಲೆಕ್ಕದಲ್ಲಿ ಸಿಗುತ್ತದೆ. ಗೌಲ್ಬರ್ನ್ ನದಿಯ ರೈತರಿಗೆ 2006–07ರಲ್ಲಿ ಸಿಕ್ಕಿದ್ದು ಹಕ್ಕಿನ ಶೇಕಡಾ 29. 2007ರ ಜುಲೈನಲ್ಲಿ ಹೊಸ ಹಂಗಾಮು ಶುರುವಾದಾಗ ಘೋಷಣೆಯಾದ ಅಂಕಿ ಸೊನ್ನೆ! ಹಸು ಮಾರುವುದೋ, ದುಡ್ಡು ಕೊಟ್ಟು ನೀರು ಕೊಳ್ಳುವುದೋ, ಇಪ್ಪತ್ತು ವರ್ಷದ ಹಣ್ಣಿನ ಗಿಡಗಳನ್ನು ಒಣಗಲು ಬಿಡುವುದೋ ಎಂದು ಅಲ್ಲಿನ ಮನೆಗಳು ತೀರ್ಮಾನಿಸಬೇಕಿತ್ತು. ಅದಕ್ಕೆ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಇದು ಬಂದು ಹೋಗುವ ಬರವೋ, ಅಥವಾ ಇನ್ನು ಮುಂದೆ ಹೀಗೆಯೋ?

ಇಲ್ಲಿ ವಿಜ್ಞಾನಿಗಳ ಪ್ರವೇಶ. ಮೊನಾಶ್ ವಿಶ್ವವಿದ್ಯಾಲಯದ ಪಕ್ಕದಲ್ಲಿರುವ ಸಿಎಸ್‌ಐಆರ್‌ಒ ಕ್ಯಾಂಪಸ್ ನಮ್ಮ ಕ್ಲೇಟನ್ ಮಂದಿಗೆಲ್ಲ ಗೊತ್ತು. ಅದೇ ಸಂಸ್ಥೆಯ ಹವಾಮಾನ ಸಂಶೋಧನೆ ದಶಕಗಳ ಕಾಲ ನಡೆದದ್ದು ಇಲ್ಲಿಂದ ಸ್ವಲ್ಪ ದೂರದ, ಕಡಲ ಪಕ್ಕದ ಆಸ್ಪೆಂಡೇಲ್‌ನಲ್ಲಿ. ಅಲ್ಲಿನ ಪೆನ್ನಿ ವೆಟನ್ ಎಂಬ ವಿಜ್ಞಾನಿ ಇಡೀ ಭೂಮಿಯ ಲೆಕ್ಕವನ್ನು ಒಂದೊಂದು ಪ್ರದೇಶಕ್ಕೆ ಇಳಿಸಿ ಹೇಳುವ ಕೆಲಸಕ್ಕೆ ವರ್ಷಗಟ್ಟಲೆ ಮುಂದಾಳಾಗಿದ್ದರು. ಅವರು 2019ರಲ್ಲಿ ತೀರಿಕೊಂಡರು.

ಈ ‘ಇಳಿಸುವುದು’ ಏಕೆ ಬೇಕು ಎಂಬುದನ್ನು ನನ್ನಂಥ ಸಾಫ್ಟ್‌ವೇರ್ ಮನುಷ್ಯನ ಭಾಷೆಯಲ್ಲಿ ಹೇಳುತ್ತೇನೆ. ಭೂಮಂಡಲದ ಹವಾಮಾನ ಮಾದರಿಗಳು ನೆಲವನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಅನೇಕ ಮಾದರಿಗಳಲ್ಲಿ ಒಂದು ಚೌಕದ ಅಗಲ ನೂರರಿಂದ ಇನ್ನೂರು ಕಿಲೋಮೀಟರ್. ಅಂದರೆ ಕ್ಲೇಟನ್ನೂ ಶೆಪರ್ಟನ್ನೂ ಒಂದೇ ಚೌಕದೊಳಗೆ ಕೂತುಬಿಡಬಹುದು, ನಡುವಿನ ಬೆಟ್ಟಸಾಲೇ ಮಾಯ! ಉಡುಪಿಗೂ ಹಾವೇರಿಗೂ ಒಂದೇ ಮಳೆ ಎಂದಂತೆ ಇದು. ಮುಂದೆ 2019ರಲ್ಲಿ ಸಿಎಸ್‌ಐಆರ್‌ಒ ತನ್ನದೇ ಸಿಸಿಎಎಂ ಎಂಬ ಮಾದರಿಯಿಂದ ವಿಕ್ಟೋರಿಯಾಕ್ಕೆ 5 ಕಿಲೋಮೀಟರ್ ಚೌಕದ ಲೆಕ್ಕ ಕೊಟ್ಟಿತು. ಹತ್ತು ಪ್ರದೇಶಗಳಿಗೆ ಹತ್ತು ವರದಿ ಬಂದವು. ಗೌಲ್ಬರ್ನ್‌ಗೆ ಒಂದು, ಮ್ಯಾಲಿಗೆ ಒಂದು, ಹೀಗೆ.

ಬರದ ಕಾಲಕ್ಕೆ ಅದಿನ್ನೂ ಇರಲಿಲ್ಲ. ಆಗ ಸಿಎಸ್‌ಐಆರ್‌ಒ, ಹವಾಮಾನ ಇಲಾಖೆ, ವಿಕ್ಟೋರಿಯಾ ಸರ್ಕಾರ ಮತ್ತಿತರರು ಸೇರಿ ಆಗ್ನೇಯ ಆಸ್ಟ್ರೇಲಿಯಾದ ಮಳೆಯ ಬಗ್ಗೆಯೇ ಒಂದು ಸಂಶೋಧನಾ ಯೋಜನೆ ನಡೆಸಿದರು. ಅದರಲ್ಲಿ ತಿಳಿದುಬಂದ ಎರಡು ವಿಷಯ ನನಗೆ ಮುಖ್ಯವೆನಿಸುತ್ತದೆ. ಒಂದು, ಹೆಚ್ಚು ಕಡಿಮೆಯಾದದ್ದು ಏಪ್ರಿಲ್ ನಂತರದ ತಂಪು ತಿಂಗಳ ಮಳೆ. ಈ ಅಕ್ಷಾಂಶದಲ್ಲಿ ಹಬ್ಬಿರುವ ಅಧಿಕ ಒತ್ತಡದ ಪಟ್ಟಿ ಬಲವಾದಷ್ಟೂ ದಕ್ಷಿಣದಿಂದ ಬರುವ ಚಳಿಗಾಲದ ಮೋಡಗಳು ಒಳನಾಡಿಗೆ ಬರುವುದು ಕಡಿಮೆ. ಈ ಪಟ್ಟಿ ಬಲವಾಗುವುದಕ್ಕೂ ಭೂಮಿ ಬಿಸಿಯಾಗುವುದಕ್ಕೂ ನಂಟಿದೆ. ಇನ್ನೊಂದು, ಮಳೆ ಶೇಕಡಾ 1ರಷ್ಟು ಇಳಿದರೆ ಹೊಳೆಗೆ ಹರಿಯುವ ನೀರು ಶೇಕಡಾ 2ರಿಂದ 3ರಷ್ಟು ಇಳಿಯುತ್ತದೆ. ಮೊದಲ ಮಳೆ ಕೈಕೊಟ್ಟರೆ ಆಮೇಲಿನ ಮಳೆಯನ್ನು ಒಣಗಿದ ಮಣ್ಣೇ ಕುಡಿದುಬಿಡುತ್ತದೆ, ಡ್ಯಾಮಿಗೆ ಏನೂ ಉಳಿಯುವುದಿಲ್ಲ. ಎರೆಭೂಮಿಯ ಬಿರುಕು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದನ್ನೆಲ್ಲ ಇಟ್ಟುಕೊಂಡು ಸರ್ಕಾರ 2009ರಲ್ಲಿ ಉತ್ತರ ಪ್ರದೇಶದ ನೀರಿನ ಯೋಜನೆ ಹೊರತಂದಿತು. ಅದರಲ್ಲಿ ನನಗೆ ಹಿಡಿಸಿದ್ದು, ‘ಇಷ್ಟೇ ಮಳೆ ಬರುತ್ತದೆ’ ಎಂಬ ಭವಿಷ್ಯ ಅಲ್ಲಿಲ್ಲ. ಬದಲಾವಣೆ ಕಡಿಮೆಯಾದರೆ, ಮಧ್ಯಮವಾದರೆ, ಜಾಸ್ತಿಯಾದರೆ ಎಂದು ಬೇರೆ ಬೇರೆ ಲೆಕ್ಕ. ಕೊನೆಗೆ 1997ರಿಂದೀಚಿನ ಬರವೇ ಹೀಗೆ ಮುಂದುವರಿದರೆ ಎಂಬ ಇನ್ನೊಂದು. ಇಷ್ಟರಲ್ಲಿ ಯಾವುದು ಬಂದರೂ ತಾಳುವ ನಿಯಮ ಯಾವುದು ಎಂದು ಹುಡುಕಿದರು. ಸಿಕ್ಕ ನಿಯಮ ತುಂಬಾ ಸರಳ: ಈ ವರ್ಷದ ನೀರನ್ನು ಪೂರ್ತಿ ಹಂಚಬೇಡಿ, ಮುಂದಿನ ವರ್ಷ ಕಾಲುವೆ ಓಡಿಸಲು ಬೇಕಾದಷ್ಟನ್ನು ತೆಗೆದಿಡಿ. ಕಾಲುವೆಯಲ್ಲಿ ಇಂಗಿ, ಆವಿಯಾಗಿ ಹೋಗುವಷ್ಟು ನೀರಾದರೂ ಇಲ್ಲದಿದ್ದರೆ ತೂಬು ಎತ್ತಿಯೂ ಪ್ರಯೋಜನವಿಲ್ಲ ತಾನೇ? ಹಾಗೆಯೇ ರೈತ ತನ್ನ ಪಾಲಿನಲ್ಲಿ ಬಳಸದೆ ಉಳಿಸಿದ್ದನ್ನು ಮುಂದಿನ ಹಂಗಾಮಿಗೆ ಒಯ್ಯಬಹುದು. ಬರದಲ್ಲಿ ತುರ್ತಿಗೆಂದು ತಂದ ಈ ಸೌಲಭ್ಯ ಆಮೇಲೆ ಕಾಯಂ ಆಯಿತು. ನಮ್ಮ ಕಡೆ ಹಗೇವಿನಲ್ಲಿ ಜೋಳ ಇಡುವ, ಬಿತ್ತನೆ ಬೀಜಕ್ಕೆ ಹಸಿದರೂ ಕೈ ಹಾಕದ ಲೆಕ್ಕವೇ ಇದು. ಅಜ್ಜಿಯಂದಿರಿಗೆ ಕಂಪ್ಯೂಟರ್ ಬೇಕಿರಲಿಲ್ಲ, ನಿಜ. ಆದರೆ ಎಷ್ಟು ಚೀಲ ತೆಗೆದಿಡಬೇಕು ಎಂಬುದಕ್ಕೆ ಅವರ ಕಾಲದ ಅನುಭವ ಈಗ ಸಾಲದು.

ಎಲ್ಲವೂ ಇಷ್ಟು ಚೆನ್ನಾಗಿ ನಡೆಯಲಿಲ್ಲ. ಅದೇ ಹೊತ್ತಿಗೆ ಗೌಲ್ಬರ್ನ್ ನೀರನ್ನು ಮೆಲ್ಬರ್ನಿಗೆ ತರಲು 70 ಕಿಲೋಮೀಟರ್ ಪೈಪು ಹಾಕಿದರು. ಉತ್ತರದ ರೈತರು ಬೀದಿಗಿಳಿದರು. ಮಂಡ್ಯ, ಬೆಂಗಳೂರು ನೋಡಿದ ನಮಗೆ ಹೊಸದೇನಲ್ಲ ಬಿಡಿ. 2010ರ ಫೆಬ್ರವರಿಯಲ್ಲಿ ಪೈಪಿನಲ್ಲಿ ನೀರು ಹರಿಯಿತು, ನವೆಂಬರ್ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು, ಹೊಸ ಸರ್ಕಾರ ಅದನ್ನು ಬಳಸುವುದಿಲ್ಲ ಎಂದಿತು. ಸಂಶೋಧನೆ ನೀರು ಎಷ್ಟು ಕಡಿಮೆಯಾಗಬಹುದು ಎಂದು ಹೇಳೀತು, ಯಾರ ಪಾಲಿನದ್ದು ಯಾರಿಗೆ ಎಂದು ಹೇಳುವುದಿಲ್ಲ. ಬರಕ್ಕೆಂದೇ ತೀರ್ಮಾನವಾದ ವೊಂತಾಗಿಯ ಕಡಲನೀರಿನ ಕಾರ್ಖಾನೆ 2012ರಲ್ಲಿ ಮುಗಿಯುವಷ್ಟರಲ್ಲಿ ಡ್ಯಾಮುಗಳು ತುಂಬಿದ್ದವು. ‘ದುಡ್ಡು ದಂಡ’ ಎಂದವರು ಬಹಳ. ಅದರ ನೀರು ನಲ್ಲಿಗೆ ಬಂದದ್ದು 2017ರಲ್ಲಿ, ಆಮೇಲೆ ಹಲವು ವರ್ಷ ಬೇಕಾಯಿತು. ನನ್ನ ಮಟ್ಟಿಗೆ ಅದು ದಂಡವಲ್ಲ, ವಿಮೆ.

ಒಣಗುವುದೊಂದೇ ಚಿಂತೆಯಾಗಿದ್ದರೆ ಲೆಕ್ಕ ಸುಲಭವಿತ್ತು. ಬಿಸಿ ಗಾಳಿ ಹೆಚ್ಚು ತೇವ ಹಿಡಿದುಕೊಳ್ಳುವುದರಿಂದ ಒಟ್ಟು ಮಳೆ ಇಳಿದರೂ ಬಂದಾಗ ಸುರಿಯುವ ರಭಸ ಏರಬಹುದು. ರಾಚೆಸ್ಟರ್ 2011ರ ಜನವರಿಯಲ್ಲಿ ಮುಳುಗಿತು, 2022ರ ಅಕ್ಟೋಬರ್‌ನಲ್ಲಿ ಅದಕ್ಕಿಂತ ಕೆಟ್ಟದಾಗಿ ಮುಳುಗಿತು. ಮೇಲಿನ ಎಪ್ಪಲಾಕ್ ಜಲಾಶಯ ನೀರಾವರಿಗೆಂದು ಕಟ್ಟಿದ್ದು. ಪ್ರವಾಹ ತಡೆಯಲು ಅದರಲ್ಲಿ ಜಾಗ ಖಾಲಿ ಇಡಬೇಕೆಂದು ಊರಿನವರು, ಬರಕ್ಕೆ ನೀರು ತುಂಬಿರಬೇಕೆಂದು ಕೆಳಗಿನ ರೈತರು. ಆಲಮಟ್ಟಿಯಲ್ಲೂ ಇದೇ ಜಗ್ಗಾಟ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಬಾಗಲಕೋಟೆ, ಬೆಳಗಾವಿ ಕಡೆಯವರು ಇಲ್ಲಿ ಫೋನಿಗೆ ಅಂಟಿಕೊಂಡು ಕೂತಿದ್ದು ನೆನಪಿದೆಯಲ್ಲ?

ಊರಿನ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಕರ್ನಾಟಕ ದೇಶದಲ್ಲೇ ಮೊದಲು, 1988ರಲ್ಲಿ, ಬರ ನಿಗಾ ಘಟಕ ತೆರೆಯಿತು. ಅದೇ ಈಗಿನ ಯಲಹಂಕದ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗೊಂದರಂತೆ ತಾನೇ ಅಂಕಿ ಕಳಿಸುವ ಮಳೆಮಾಪಕ ಇಟ್ಟಿದ್ದಾರೆ. ರೈತರು ‘ವರುಣಮಿತ್ರ’ಕ್ಕೆ ಫೋನ್ ಮಾಡಿ ತಮ್ಮೂರಿನ ಮಳೆ ಕೇಳಬಹುದು. 2023ರಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸುವಾಗ ಇಂಥ ಅಂಕಿಗಳೇ ಆಧಾರ. ತೊಗರಿ ಬಿತ್ತಲು ಕಾದಿರುವ ಕಾಕಾನಿಗೆ ಈ ಫೋನಿನ ವಿಷಯ ತಿಳಿಸಿ.

ಇಲ್ಲಿಯ ಉತ್ತರವೂ ಈಗ ನಮಗೆ ದೂರದ್ದಲ್ಲ. ಪ್ರಾದೇಶಿಕ ವೀಸಾದ ಮೇಲೆ ಶೆಪರ್ಟನ್, ಬೆಂಡಿಗೋ, ಮಿಲ್ಡ್ಯೂರಾಕ್ಕೆ ಹೋಗುವವರು ಮನೆ ಕೊಳ್ಳುವ ಮುಂಚೆ ಆ ಪ್ರದೇಶದ 2019ರ ವರದಿ ತೆಗೆದು ನೋಡಿ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಕೌನ್ಸಿಲ್‌ನಲ್ಲಿ ಪ್ರವಾಹದ ನಕ್ಷೆ ಕೇಳಿ, ಸಹಿ ಹಾಕುವ ಮೊದಲೇ ಅದೇ ವಿಳಾಸಕ್ಕೆ ವಿಮೆಯ ದರ ತರಿಸಿಕೊಳ್ಳಿ.