ವಿಳಾಸವುಂಟು, ವ್ಯಕ್ತಿ ಯಾರು?

ಇಂಡಿ ತಾಲ್ಲೂಕಿನ ತಾಂಬಾದಲ್ಲಿ ಕುಳಿತು ಮೊಬೈಲಿನಲ್ಲಿ ನಿಂಬೆಯ ದರ ನೋಡುವ ರೈತನಿಗೆ ಬೆಂಗಳೂರಿನ ಅಂಗಡಿಯೊಂದರ ಜಾಹೀರಾತು ಎದುರಾದರೆ ಅಚ್ಚರಿಪಡಬೇಕಿಲ್ಲ. ಅವನ ಮೊಬೈಲ್ ಕಂಪನಿಯು ಅಂತರ್ಜಾಲವನ್ನು ಸೇರುವ ಹೆಬ್ಬಾಗಿಲು ದೂರದ ನಗರದಲ್ಲಿದ್ದರೆ, ಹೊರಜಗತ್ತಿನ ಕಣ್ಣಿಗೆ ಅವನೂ ಆ ನಗರದವನೇ.

ಯಾವುದೇ ಜಾಲತಾಣವನ್ನು ತೆರೆದೊಡನೆ ನಮ್ಮ ಸಾರ್ವಜನಿಕ ಐಪಿ ವಿಳಾಸ ಅದಕ್ಕೆ ತಿಳಿಯುತ್ತದೆ. ತಿಳಿಯದಿದ್ದರೆ ಕೇಳಿದ ಪುಟವನ್ನು ಅದು ಕಳುಹಿಸುವುದಾದರೂ ಎಲ್ಲಿಗೆ? ಆ ಸಂಖ್ಯೆಯಿಂದ ದೇಶ, ಸಂಪರ್ಕ ಒದಗಿಸಿದ ಕಂಪನಿ, ಅಂದಾಜು ಊರು ಇಷ್ಟನ್ನು ಊಹಿಸಬಹುದು. ಹೆಸರು, ಮನೆಯ ಸಂಖ್ಯೆ ಅದರಲ್ಲಿಲ್ಲ. ಇಂಥ ಹೊತ್ತಿನಲ್ಲಿ ಇಂಥ ವಿಳಾಸ ಯಾವ ಗ್ರಾಹಕನ ಬಳಿಯಿತ್ತೆಂಬ ದಾಖಲೆ ಇರುವುದು ಕಂಪನಿಯಲ್ಲಿ. ಪೊಲೀಸರು ಕೇಳುವುದು ಅದನ್ನೇ.

ಆ ದಾಖಲೆಯೇ ತಪ್ಪಿದರೆ? 2007ರ ಆಗಸ್ಟ್‌ನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಪುಣೆ ಪೊಲೀಸರು ಬಂಧಿಸಿದರು. ಆರ್ಕುಟ್ ತಾಣದಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಪ್ರಕಟಿಸಿದರೆಂಬುದು ಆರೋಪ. ಆಧಾರ, ಒಂದು ಐಪಿ ವಿಳಾಸ. ದೂರಸಂಪರ್ಕ ಕಂಪನಿಯು ಆ ವಿಳಾಸಕ್ಕೆ ಕೊಟ್ಟ ಗ್ರಾಹಕನ ವಿವರವೇ ತಪ್ಪಾಗಿತ್ತೆಂದು ತಿಳಿದುಬರುವ ಹೊತ್ತಿಗೆ ಆ ತರುಣ ಸುಮಾರು 50 ದಿನ ಸೆರೆಯಲ್ಲಿ ಕಳೆದಿದ್ದರು. ಸಂಖ್ಯೆಯೆಂದರೆ ಪ್ರಮಾಣವೆಂದು ನಂಬುವ ನಮ್ಮ ಮನೋಧರ್ಮಕ್ಕೆ ಇದಕ್ಕಿಂತ ಕಟುವಾದ ಉದಾಹರಣೆ ನನಗೆ ಗೊತ್ತಿಲ್ಲ.

ಇಂಥ ಪ್ರಮಾದದ ಸಾಧ್ಯತೆ ಇಂದಿಗೂ ಅಳಿದಿಲ್ಲ. ಹಳೆಯ ಪದ್ಧತಿಯ ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಜಾಗತಿಕ ಸಂಸ್ಥೆಯ ಬಳಿಯಿದ್ದ ದಾಸ್ತಾನು 2011ರ ಫೆಬ್ರುವರಿಯಲ್ಲೇ ಮುಗಿಯಿತು. ಹಾಗಾಗಿ ಕಂಪನಿಗಳು ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ನಿಲ್ಲಿಸುತ್ತವೆ. ಅವರಲ್ಲೊಬ್ಬನನ್ನು ಗುರುತಿಸಲು ವಿಳಾಸದ ಜೊತೆಗೆ ಪೋರ್ಟ್ ಸಂಖ್ಯೆಯೂ ನಿಖರ ಸಮಯವೂ ಬೇಕು. ವಿದೇಶಿ ತಾಣಗಳು ಬಹುಮಟ್ಟಿಗೆ ಅಂತರರಾಷ್ಟ್ರೀಯ ಕಾಲಮಾನದಲ್ಲಿ ಲೆಕ್ಕವಿಡುತ್ತವೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಷ್ಟನ್ನು ಕೂಡಿಸಲು ಮರೆತರೆ ಅಪರಾಧ ಬೇರೊಬ್ಬನ ತಲೆಗೆ. ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನವು ಸಂಸ್ಥೆಗಳ ಗಡಿಯಾರಗಳು ರಾಷ್ಟ್ರೀಯ ಕಾಲಮಾನಕ್ಕೆ ಹೊಂದಿಕೊಂಡಿರಬೇಕು, ದಾಖಲೆಗಳನ್ನು 180 ದಿನ ಕಾಯ್ದಿಡಬೇಕು ಎಂದು ವಿಧಿಸಿದೆ. ತಡವಾದರೂ ಸರಿಯಾದ ಕ್ರಮ.

ಹೊಸ ಪದ್ಧತಿಯಾದ ಐಪಿವಿ6ರಲ್ಲಿ ವಿಳಾಸಗಳಿಗೆ ಬರವಿಲ್ಲ. ಹಂಚಿಕೊಳ್ಳುವ ಅನಿವಾರ್ಯತೆ ತಪ್ಪಿದಂತೆ, ಆಡಗುವ ಗುಂಪೂ ಕರಗುತ್ತದೆ. ವಿಪಿಎನ್ ಬಳಸಿದರೆ ತಾಣಕ್ಕೆ ನಮ್ಮ ವಿಳಾಸ ಕಾಣದು, ನಿಜ. ಆದರೆ ಆ ಸೇವೆ ನಡೆಸುವವನಿಗೆ ಅದು ಗೊತ್ತೇ ಇರುತ್ತದೆ.

ದಾಖಲೆ ಸರಿಯಿದ್ದರೂ ಅದು ಹೇಳುವುದು ಸಂಪರ್ಕದ ಒಡೆಯನ ಹೆಸರನ್ನು. ಹಳ್ಳಿಯ ಕಂಪ್ಯೂಟರ್ ಕೇಂದ್ರವೊಂದರಲ್ಲಿ ದಿನಕ್ಕೆ ಇಪ್ಪತ್ತು ಹುಡುಗರು ನೌಕರಿಯ ಅರ್ಜಿ ತುಂಬುತ್ತಾರೆ. ಇಪ್ಪತ್ತೂ ಜನರಿಗೆ ವಿಳಾಸ ಒಂದೇ. ಪೊಲೀಸರು ಮೊದಲು ಕದ ತಟ್ಟುವುದು ಅಂಗಡಿಯ ಮಾಲೀಕನದು. ಆ ಹೊತ್ತಿಗೆ ಕುರ್ಚಿಯಲ್ಲಿ ಯಾರಿದ್ದರೆಂಬುದನ್ನು ಅವನು ಬರೆದಿಟ್ಟಿದ್ದರೆ ಉಂಟು, ಇಲ್ಲವಾದರೆ ಇಲ್ಲ.