ನಿಮಗಿದು ಗೊತ್ತೆ? ಅಟ್ಟದ ಲ್ಯಾಪ್‌ಟಾಪಿನಲ್ಲೇ ಸಾಮಾಜಿಕ ಜಾಲತಾಣ!

1991ರಲ್ಲಿ ಸಿ-ಡ್ಯಾಕ್ ಸಂಸ್ಥೆ ‘ಪರಮ್ 8000’ ಸೂಪರ್ ಕಂಪ್ಯೂಟರ್ ಕಟ್ಟಿದ ಊರು ಪುಣೆ. ಅದೇ ಊರಿನ ಮನೆಯೊಂದರ ಅಟ್ಟದಲ್ಲಿ ಧೂಳು ತಿನ್ನುತ್ತಿರುವ ಲ್ಯಾಪ್‌ಟಾಪ್ ಇಂದು ಪುಟ್ಟ ಸಾಮಾಜಿಕ ಜಾಲತಾಣವನ್ನೇ ನಡೆಸಬಲ್ಲದು. ಗುಜರಿಗೆ ಹಾಕಬೇಡಿ! ಇಂಥ ಜಾಲತಾಣ ನಡೆಸುವ ‘ಗೋಟುಸೋಷಿಯಲ್’ ಎಂಬ ಉಚಿತ ತಂತ್ರಾಂಶಕ್ಕೆ 1 ಜಿಬಿ ರ‍್ಯಾಮ್ ಸಾಕು. ಬ್ಯಾಟರಿಯಲ್ಲಿ ಇನ್ನೂ ಜೀವವಿದ್ದರೆ ಕರೆಂಟ್ ಹೋದಾಗ ಅದೇ ಯುಪಿಎಸ್; ರೂಟರ್‌ಗೆ ಮಾತ್ರ ಬೇರೆ ವ್ಯವಸ್ಥೆ ಬೇಕು.

ತೊಡಕಿರುವುದು ಇಂಟರ್ನೆಟ್ ಸಂಪರ್ಕದಲ್ಲಿ. ನಮ್ಮಲ್ಲಿ ಹಲವು ಕಂಪನಿಗಳು ಒಂದೇ ಐಪಿ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುತ್ತವೆ. ಹೊರಗಿನವರು ನಿಮ್ಮ ಸರ್ವರ್, ಅಂದರೆ ಆ ಲ್ಯಾಪ್‌ಟಾಪ್, ತಲುಪಬೇಕಾದರೆ ಪ್ರತ್ಯೇಕ ವಿಳಾಸ ಕೇಳಿ ಪಡೆಯುವುದು ಸುಲಭದ ದಾರಿ.

ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರಲ್ಲಿ ಅಂಗೀಕರಿಸಿದ ‘ಆಕ್ಟಿವಿಟಿಪಬ್’ ನಿಯಮಾವಳಿಯಿಂದಾಗಿ, ಆ ಪುಟ್ಟ ಸರ್ವರ್‌ನಲ್ಲಿ ಬರೆದ ಕನ್ನಡದ ಸಾಲನ್ನು ಜರ್ಮನಿಯ ‘ಮಸ್ಟೊಡಾನ್’ ಜಾಲತಾಣದ ಬಳಕೆದಾರರೂ ಓದಬಹುದು, ಅಲ್ಲಿಂದಲೇ ಉತ್ತರಿಸಬಹುದು.